ಹದಿನೆಂಟು ರಿಯಾಲಿನ ಬೂಟು

ನಿಜ್ವಾದ ಸೂಕಿನ ಹಿಂದ, ಆಡಿನ ಸಂತಿ ನೆರೆಯೂ ಬಯಲಿಗೆ ಹತ್ತಿ
ನನ್ನ ಅಂಗಡಿ. ಹೆಸರು ಯಮನಪ್ಪ, ಊರು ಅಥಣಿ ಕಡೆ.
ಇಲ್ಲಿಯವರ ನಾಲಿಗಿಗೆ ಅಷ್ಟುದ್ದ ಹೆಸರು ಹೊರಳೂದಿಲ್ಲ,
"ಯಾ ಯಮನಿ" ಅಂತಾರ.
ಯೆಮೆನ್ ದೇಶದಾಂವ ಅಂತ ತಿಳದು ಒಬ್ಬ
ಅರ್ಧ ತಾಸು ಕುಂತು, ನಮ್ಮ ಯುದ್ಧಕ್ಕ ಮರುಗಿ,
ಸಮಾಧಾನ ಹೇಳಿ ಹೋದ. ನಾನೂ ಹೂಂ ಅಂದೆ.

ಹೈಥಮ್ ಬಂದದ್ದು ಗುರುವಾರ ಸಂಜಿ,
ಮೊಬೈಲಿನಾಗ ಒಂದು ಬೂಟಿನ ಚಿತ್ರ ಹಿಡಕೊಂಡು.
ತಾಜಿಕ್ ದೇಶದ ಗುಡ್ಡಕ್ಕ ಹೊಂಟಾನಂತ, ಕಾಡುಮ್ಯಾಕಿ ಬ್ಯಾಟಿಗೆ.
ಇಲ್ಲಿಯ ಗುಡ್ಡದಾಗ ಬಂದೂಕು ಎತ್ತಂಗಿಲ್ಲ.
ಟಿಕೇಟು, ಪರವಾನಿಗಿ, ಕುದುರಿ ಬಾಡಿಗಿ ಕಳದು
ಕಾಲಿಗಂತ ಉಳದದ್ದು ಇಪ್ಪತ್ತು ರಿಯಾಲು.
ಚಿತ್ರದಾಗಿನ ಬೂಟಿಗೆ ತೊಂಬತ್ತು.
ಅವನ ಹಿಂದ ಅಜ್ಜ ಖಲ್ಫಾನ್, ಬರಿಗಾಲಾಗ,
ಹಿಮ್ಮಡ ಸೀಳಿನಾಗ ಯಾವ ಕಾಲದ್ದೋ ಕೆಂಪು ಮಣ್ಣು.

ಸಂಜಿಗೆ ಬಂದಿ, ಚಲೋ ಆತು, ಅಂದೆ.
ಮುಂಜಾನಿ ಕಾಲು ಸುಳ್ಳು ಹೇಳತೈತಿ,
ಸಂಜಿಗೆ ಉಬ್ಬಿ ಖರೇ ಅಳತಿ ಕೊಡತೈತಿ.
ಆರು ರಿಯಾಲಿನದು ಬ್ಯಾಡ. ಬರೇ ಗೋಂದು.
ಜುಲೈದಾಗ ಒಂದು ಮಧ್ಯಾಹ್ನ ಕಾರಿನ ಡಿಕ್ಕಿಯೊಳಗ ಇಟ್ಟು ನೋಡು,
ಅಟ್ಟಿ ಬಾಯಿ ತೆಗದು ನೀರು ಕೇಳತೈತಿ.

ಮೊಳಿಗೆ ನೇತಾಡತಿತ್ತು ಒಂದು ಹಳೇ ಮಿಲಿಟರಿ ಬೂಟು,
ದುರಸ್ತಿಗೆ ಕೊಟ್ಟಾಂವ ಎರಡು ವರ್ಷ ತಿರುಗಿ ನೋಡಿರಲಿಲ್ಲ.
ಇಡೀ ತೊಗಲು, ತುಂಡು ಜೋಡಿಸಿದ್ದಲ್ಲ.
ನಾಲಿಗಿ ಎರಡೂ ಕಡೆ ಹೊಲದದ್ದು, ಹರಳು ನುಗ್ಗಂಗಿಲ್ಲ.
ಮಡಿಚಿದ್ರ ಬೆರಳಿನ ಬುಡಕ್ಕ ಮಡಚತೈತಿ, ನಡುವ ಅಲ್ಲ.
ಮುದುಕ ಕೈ ಒಳಗ ಹಾಕಿ ತಡವಿದ,
ಸಂತಿಯೊಳಗ ಆಡಿನ ಬಾಯಿ ನೋಡಿದಂಗ.

"ಇಳಿ," ಅಂದ ಮೊಮ್ಮಗಗ. ಅಂಗಡಿಗೆ ಮೂರೇ ಮೆಟ್ಟಲು.
"ಏರೂವಾಗ ಹೆಗಲು ಖಾಲಿ, ಯಾವ ಕಾಲಾದ್ರೂ ಏರತೈತಿ.
ಇಳಿಯೂವಾಗ ಹೆಗಲ ಮ್ಯಾಲ ಒಂದು ಜೀವ ಸತ್ತಿರತೈತಿ.
ಇಳಿಯಾಕ ತಗೊ."
ಹೈಥಮ್ ಇಳದ, ಮತ್ತ ಇಳದ. ಬೆರಳು ತುದಿಗೆ ಬಡೀಲಿಲ್ಲ.
ಆದ್ರ ಹೆಜ್ಜಿಗೊಮ್ಮೆ ಕರ್, ಕರ್.
ಮುದುಕ ಮಾರಿ ತಿರುವಿದ:
"ಇದು ಬೂಟಲ್ಲ, ಡಂಗುರ."

ನನಗ ನಗಿ ಬಂತು. ಹೇಳಲಿಲ್ಲ ಯಾಕಂತ.
ನನ್ನಪ್ಪ ಎರಡು ತೊಗಲಿನ ನಡುವ ಬೀಜ ಇಟ್ಟು ಹೊಲಿತಿದ್ದ,
ನಡದ್ರ ಕರಕರ ಅನಬೇಕು ಚಪ್ಪಲಿ. ಅದಕ್ಕ ನಾಕಾಣೆ ಹೆಚ್ಚಿಗಿ.
ಓಣಿ ತುದಿಗೆ ಆ ಸದ್ದು ಬಂದ್ರ
ಕಟ್ಟಿ ಮ್ಯಾಲ ಕುಂತವರು ಎದ್ದು ನಿಲ್ಲತಿದ್ರು.
ನನ್ನಪ್ಪ ಕಟ್ಟಿ ಮ್ಯಾಲ ಕುಂತಾಂವೇ ಅಲ್ಲ,
ಅವಗ ಏಳೂ ಮಾತೇ ಬರಲಿಲ್ಲ.

ಸದ್ದು ಹೊಲಿಯೂ ಮನಿತನದಾಂವ
ಸದ್ದು ಬಿಚ್ಚಾಕ ಕುಂತೆ.
ಅಟ್ಟಿ ಕಿತ್ತೆ. ಒಳಗ ಒಣಗಿದ ಪದರು, ಪದರಿಗೆ ಪದರು ತಿಕ್ಕತಿತ್ತು.
ಸುಣ್ಣದ ಪುಡಿ ಉದುರಿಸಿ, ಅಂಚಿಗೆ ಎಣ್ಣಿ ಕುಡಿಸಿ,
ಆಳ ಗೆರಿಯ ರಬ್ಬರ್ ಕೂಡಿಸಿ,
ಮೇಣ ತಿಕ್ಕಿದ ದಾರದಿಂದ ಎರಡು ಸಾಲು ಹೊಲದೆ.
ಬೂಟಿಗೆ ಹತ್ತು, ಅಟ್ಟಿಗೆ ಆರು, ಕೈಗೆ ಎರಡು.
ಉಳದ ಎರಡಕ್ಕ ಉಣ್ಣಿ ಕಾಲುಚೀಲ ತಗೊ, ಅಂದೆ,
ಒಂದು ತಿಂಗಳು ಅಜ್ಜನ ಆಡಿನ ಹಿಂದ ತಿರುಗು,
ಆಮ್ಯಾಲ ವಿಮಾನ.

ಚಳಿ ಬೀಳೂ ಮುಂದ ಬಂದ. ತುಟಿ ಒಡದಿತ್ತು, ಬೂಟು ಒಡದಿರಲಿಲ್ಲ.
ಹೊಡದಿ?
"ಇಲ್ಲ. ಮೂವತ್ತು ಹೆಜ್ಜಿ ಹತ್ರ ಹೋಗಿದ್ದೆ.
ಅದು ಹುಲ್ಲು ಕಡಕೋತನ ಇತ್ತು."
ಮುಂದ ಹೇಳಲಿಲ್ಲ, ಉಗುರು ನೋಡಕೋತ ನಿಂತ.
"ಮೂವತ್ತು ಹೆಜ್ಜಿ!" ಅಂತ ಮುದುಕ ನೆಲಕ್ಕ ಉಗುಳಿದ,
ಆಮ್ಯಾಲ ಬಯಲಿಗೆ ಇಳದು
ತನ್ನ ಬರಿಗಾಲಿನಿಂದ ಮೂವತ್ತು ಎಣಿಸಿ ನಿಂತು
ಅಲ್ಲಿಂದ ನಮ್ಮನ್ನ ನೋಡಿದ, ಭಾಳ ಹೊತ್ತು.

ಎಡಗಾಲಿನ ಅಟ್ಟಿ ಸಂದಿನಾಗ ಸಿಕ್ಕಿತ್ತು
ಬೂದಿ ಬಣ್ಣದ ಒಂದು ಹರಳು.
ಅರಿಯಿಂದ ಎಬ್ಬಿಸಿ, ಒಗಿಯಾಕ ಮನಸು ಬರದೆ
ಮೊಳಿ ಡಬ್ಬಿಗೆ ಹಾಕಿದೆ.
ಈಗ ಡಬ್ಬಿ ಎತ್ತಿದ್ರ
ಮೊಳಿಗಿಂತ ಮೊದಲ ಅದು ಮಾತಾಡತೈತಿ.